ಫ್ಲಶ್ ಟ್ಯಾಂಕಿನ ಫಿಲ್ ವಾಲ್ವ್: ದಾವಣಗೆರೆಯ ನೀರಿಗೆ ಒಗ್ಗಿದ ಒಂದು ಮಾದರಿ

ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಫ್ಲಶ್ ಟ್ಯಾಂಕಿಗೆಂದು ಈಗ ಮುಖ್ಯವಾಗಿ ಎರಡು ಬಗೆಯ ಫಿಲ್ ವಾಲ್ವ್, ಅಂದರೆ ಟ್ಯಾಂಕಿಗೆ ನೀರು ಬಿಟ್ಟು ತುಂಬಿದೊಡನೆ ನಿಲ್ಲಿಸುವ ವಾಲ್ವ್, ಸಿಗುತ್ತವೆ. ಒಂದು, ಉದ್ದನೆಯ ಕಡ್ಡಿಯ ತುದಿಯಲ್ಲಿ ಚೆಂಡು ತೇಲುವ ಹಳೆಯ ಬಾಲ್ ಕಾಕ್. ಇನ್ನೊಂದು, ನೆಟ್ಟಗೆ ನಿಂತ ಕೊಳವೆಯ ಪಕ್ಕದಲ್ಲೇ ಪುಟ್ಟ ಲೋಟದಂಥ ಫ್ಲೋಟ್ ಇರುವ, ಡಯಾಫ್ರಾಮ್ ಎಂಬ ತೆಳು ರಬ್ಬರ್ ಬಿಲ್ಲೆಯಿಂದ ನೀರನ್ನು ತಡೆಯುವ ಹೊಸ ಮಾದರಿ. ನಮ್ಮ ಮನೆಯ ಕೆಳಗಿನ ಮತ್ತು ಮಹಡಿಯ ಎರಡೂ ಶೌಚಾಲಯಗಳಿಗೆ ಈ ಎರಡನೆಯದನ್ನೇ ಹಾಕಿಸಿ, ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಇದೇ ರಚನೆಯ ವಾಲ್ವ್ ಹಲವು ಕಂಪನಿಗಳ ಹೆಸರಿನಲ್ಲಿ ಬರುವುದರಿಂದ ಹೆಸರಿಗಿಂತ ರಚನೆಯನ್ನೇ ವಿವರಿಸುವುದು ಉಪಯುಕ್ತ. ವಾಲ್ವಿನ ತಲೆಯ ಮುಚ್ಚಳವನ್ನು ಪಾನಾ ಇಲ್ಲದೆ ಕೈಯಿಂದಲೇ ತಿರುಗಿಸಿ ಬಿಚ್ಚಲು ಬರಬೇಕು, ನೀರು ಒಳಬರುವ ಬಾಯಲ್ಲಿ ಜಾಲರಿ ಇರಬೇಕು. ಇವೆರಡೂ ಇಲ್ಲದ ವಾಲ್ವ್ ಎಷ್ಟೇ ದುಬಾರಿಯದಾದರೂ ನಮ್ಮ ಊರಿನ ನೀರಿಗೆ ಅದು ಬೇಡವೆಂಬುದು ನನ್ನ ದೃಢವಾದ ಅಭಿಪ್ರಾಯ.

ನಗರದ ನಲ್ಲಿಗಳಿಗೆ ಬರುವುದು ಭದ್ರಾ ನಾಲೆಯಿಂದ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಿಗೆ ತುಂಬಿಸಿಕೊಂಡ ನೀರು ಹಾಗೂ ತುಂಗಭದ್ರಾ ಹೊಳೆಯಿಂದ ಎತ್ತಿ ತರುವ ನೀರು. ಅದು ದಿನವೂ ಬರುವುದಿಲ್ಲವಾದ್ದರಿಂದ ಬಹಳ ಮನೆಗಳಲ್ಲಿ ಸಂಪಿಗೆ ಬೋರ್‌ವೆಲ್ ನೀರನ್ನೂ ಸೇರಿಸುತ್ತಾರೆ, ನಾವೂ ಹಾಗೆಯೇ ಮಾಡುತ್ತೇವೆ. ಬೋರಿನ ಗಡಸು ನೀರು ತಾನು ನಿಂತಲ್ಲೆಲ್ಲ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ಮೇಲಿನ ಟ್ಯಾಂಕಿನ ತಳದಲ್ಲಿ ಕೂತ ಮಣ್ಣು ಮೋಟಾರ್ ಹಾಕಿದಾಗಲೆಲ್ಲ ಕದಡಿ ಪೈಪಿನಲ್ಲಿ ಇಳಿಯುತ್ತದೆ. ಫ್ಲಶ್ ಟ್ಯಾಂಕಿನ ವಾಲ್ವ್ ಕೆಡುವುದು ಹೆಚ್ಚಾಗಿ ಈ ಎರಡರಿಂದಲೇ.

ಹಳೆಯ ಬಾಲ್ ಕಾಕ್‌ನಲ್ಲಿ ನೀರಿನ ಒತ್ತಡವು ವಾಷರನ್ನು ದೂಡಿ ತೆರೆಯಲು ನೋಡುತ್ತಿರುತ್ತದೆ, ಚೆಂಡು ತನ್ನ ತೇಲುವ ಬಲದಿಂದ ಅದನ್ನು ಅದುಮಿ ಹಿಡಿಯಬೇಕಾಗುತ್ತದೆ. ಕಡ್ಡಿ ತುಸು ಬಾಗಿದರೂ, ಚೆಂಡಿನೊಳಗೆ ನೀರು ಸೇರಿದರೂ ಹಿಡಿತ ಸಡಿಲವಾಗಿ ಸೋರಿಕೆ ಶುರುವಾಗುತ್ತದೆ. ಡಯಾಫ್ರಾಮ್ ಮಾದರಿಯಲ್ಲಿ ನೀರು ಒಂದು ಸಣ್ಣ ತೂತಿನ ಮೂಲಕ ರಬ್ಬರಿನ ಹಿಂಬದಿಗೂ ಹೋಗುತ್ತದೆ. ಫ್ಲೋಟ್ ಮೇಲೇರಿ ಹಿಂಬದಿಯ ದಾರಿಯನ್ನು ಮುಚ್ಚಿದೊಡನೆ ಅಲ್ಲಿ ಒತ್ತಡ ಕೂಡಿಕೊಂಡು, ಆ ಒತ್ತಡವೇ ರಬ್ಬರನ್ನು ಬಾಯಿಗೆ ಒತ್ತಿ ಹಿಡಿಯುತ್ತದೆ. ಹೀಗಾಗಿ ನೀರು ಥಟ್ಟನೆ ನಿಲ್ಲುತ್ತದೆ, ಹಳೆಯದರಂತೆ ಕೊನೆಯ ಹೊತ್ತಿನಲ್ಲಿ ಬಹಳ ಹೊತ್ತು ಸುಯ್ಯೆಂದು ಎಳೆಯುವುದಿಲ್ಲ. ಆದರೆ ಆ ಸಣ್ಣ ತೂತಿಗೆ ಒಂದು ಮರಳಿನ ಕಣ ಕೂತರೆ ಸಾಕು, ವಾಲ್ವ್ ಮುಚ್ಚುವುದೇ ಇಲ್ಲ. ಮುಚ್ಚಳ ಮತ್ತು ಜಾಲರಿಯ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕಾಗಿ.

ವಾಲ್ವ್ ಕೊಳ್ಳುವ ಮೊದಲು ಸೋರುತ್ತಿರುವುದು ಅದೇ ಹೌದೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಟ್ಯಾಂಕಿನ ಮುಚ್ಚಳ ತೆಗೆದು, ಒಳಗಿನ ಓವರ್‌ಫ್ಲೋ ಕೊಳವೆಯ ಬಾಯಿಂದ ನೀರು ಕೆಳಗಿಳಿಯುತ್ತಿದ್ದರೆ ತಪ್ಪು ಫಿಲ್ ವಾಲ್ವಿನದು. ನೀರು ಆ ಮಟ್ಟಕ್ಕೆ ಬಾರದೆಯೇ ಕಮೋಡಿಗೆ ಇಳಿಯುತ್ತಿದ್ದರೆ, ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡುವ, ಗೋಡೆಯಲ್ಲಿನ ಸಣ್ಣ ನಲ್ಲಿ) ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ಅರ್ಧ ಗಂಟೆ ಬಿಟ್ಟು ನೋಡಬೇಕು. ಮಟ್ಟ ಇಳಿದಿದ್ದರೆ ಕೆಟ್ಟಿರುವುದು ತಳದ ಫ್ಲಶ್ ವಾಲ್ವಿನ ವಾಷರ್. ಈ ಸೋರಿಕೆ ಕಣ್ಣಿಗೆ ಬೀಳುವುದೇ ಕಡಿಮೆ. ಕಮೋಡಿನ ಗೋಡೆಗೆ ಅಂಟಿಕೊಂಡು ಎಳೆಯಾಗಿ ಇಳಿಯುವ ನೀರು ಸೆಕೆಂಡಿಗೆ 1 ಮಿಲಿಲೀಟರ್‌ನಷ್ಟೇ ಇದ್ದರೂ ದಿನಕ್ಕೆ 86 ಲೀಟರ್ ದಾಟುತ್ತದೆ. ನಾಲೆ ನಿಂತು ಕೆರೆ ಇಳಿಯುವ ತಿಂಗಳುಗಳಲ್ಲಿ, ನಲ್ಲಿಯ ನೀರಿಗಾಗಿ ಕಾಯುವ ಊರಿನಲ್ಲಿ, ಅಷ್ಟು ನೀರು ಸದ್ದಿಲ್ಲದೆ ಚರಂಡಿಗೆ ಹೋಗುವುದನ್ನು ಸಹಿಸಲಾಗದು.

ನಾನು ವಾಲ್ವ್ ಕೊಂಡದ್ದು ಮಂಡಿಪೇಟೆಯ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ. ಡಬ್ಬಿ ಕೈಗಿಡುವ ಮೊದಲು ಅಂಗಡಿಯವರು ಕೇಳಿದ್ದು, "ಹಳೇದು ತಂದೀರೇನ್ರೀ? ನೀರು ಸೈಡಿಂದ ಬರುತ್ತೋ, ತಳದಿಂದ ಬರುತ್ತೋ?" ಎಂದು. ಗೋಡೆಗೆ ಹೊಡೆದ ಪ್ಲಾಸ್ಟಿಕ್ ಟ್ಯಾಂಕುಗಳಿಗೆ ಸಾಮಾನ್ಯವಾಗಿ ಪಕ್ಕದಿಂದ ಸಂಪರ್ಕವಿರುತ್ತದೆ, ಕಮೋಡಿನ ಮೇಲೆಯೇ ಕೂರುವ ಪಿಂಗಾಣಿ ಟ್ಯಾಂಕುಗಳಿಗೆ ಬಹುಪಾಲು ತಳದಿಂದ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ನಾನು ಒಯ್ದಿದ್ದ ಹಳೆಯದನ್ನು ಹೊಸದರ ಪಕ್ಕ ನಿಲ್ಲಿಸಿ, ಎತ್ತರವನ್ನು ಹೋಲಿಸಿ, ಅರ್ಧ ಇಂಚಿನ ಮರೆಯ (ತಿರುಪಿನ ಸುತ್ತುಗಳ) ನಟ್ಟನ್ನು ಅಲ್ಲೇ ಹಾಕಿ ತೆಗೆದು ತೋರಿಸಿದರು. ಒಂದಕ್ಕೆ 420 ರೂಪಾಯಿ ತೆಗೆದುಕೊಂಡರು. ಕಡ್ಡಿಯ ಬಾಲ್ ಕಾಕ್ ಇದರ ಅರ್ಧ ಬೆಲೆಗೆ ಅಲ್ಲೇ ಇತ್ತು. ಸರಿಯಾದ ವಸ್ತುವನ್ನು ಮೊದಲ ಸಲಕ್ಕೇ ಕೊಡುವ ಇಂಥ ಅಂಗಡಿಯವರ ಬೆಲೆ ಪ್ಲಂಬರನ್ನು ಮತ್ತೆ ಕರೆಸಿದವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕೂರಿಸುವ ಕೆಲಸ ಕಷ್ಟದ್ದಲ್ಲ. ಆಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ, ತಳದಲ್ಲಿ ಉಳಿದ ನೀರನ್ನು ಬಟ್ಟೆಯಿಂದ ಹೀರಿ ತೆಗೆದು, ಕನೆಕ್ಷನ್ ಪೈಪ್ ಬಿಚ್ಚಿ, ವಾಲ್ವ್ ತಿರುಗದಂತೆ ಒಳಗೆ ಒಂದು ಕೈಯಲ್ಲಿ ಹಿಡಿದುಕೊಂಡು ಕೆಳಗಿನ ನಟ್ಟನ್ನು ಸಡಿಲಿಸಿದರೆ ಹಳೆಯದು ಹೊರಬರುತ್ತದೆ. ಹೊಸದರ ದಪ್ಪ ರಬ್ಬರ್ ವಾಷರ್ ಟ್ಯಾಂಕಿನ ಒಳಬದಿಗೇ ಬರಬೇಕು. ನೀರು ಕಟ್ಟುವುದು ಆ ವಾಷರ್ ಆದ್ದರಿಂದ ಮರೆಗೆ ಟೆಫ್ಲಾನ್ ಟೇಪ್ ಸುತ್ತಬೇಕಾಗಿಲ್ಲ. ನಟ್ಟನ್ನು ಕೈಯಿಂದ ಬಿಗಿ ಮಾಡಿ, ಬೇಕಾದರೆ ಪಾನಾದಿಂದ ಕಾಲು ಸುತ್ತು ತಿರುಗಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಬಿಗಿದರೆ ಪಿಂಗಾಣಿ ಬಿರುಕು ಬಿಡಬಹುದು. ನಮ್ಮ ಮನೆಗೆ ಬಂದ ಪ್ಲಂಬರ್ ಮಾಡಿದ ಒಂದು ಕೆಲಸವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಕನೆಕ್ಷನ್ ಪೈಪನ್ನು ವಾಲ್ವಿಗೆ ಜೋಡಿಸುವ ಮೊದಲು ಅದರ ತುದಿಯನ್ನು ಬಕೆಟ್ಟಿನೊಳಗೆ ಬಿಟ್ಟು ಆಂಗಲ್ ಕಾಕನ್ನು ಪೂರ್ತಿ ತೆರೆದರು. ಮೊದಲು ಬಂದದ್ದು ಕಂದು ನೀರು, ಅದರೊಂದಿಗೆ ಬಿಳಿ ಸುಣ್ಣದ ಚಕ್ಕೆಗಳು. ಅವೆಲ್ಲ ಹೊಸ ಡಯಾಫ್ರಾಮಿಗೇ ಹೋಗಿ ಕೂರುತ್ತಿದ್ದವು.

ಬಳಕೆಯಲ್ಲಿ ಎರಡು ಮಹಡಿಗಳಿಗೆ ಎರಡು ತೀರ್ಪು ಕೊಡಬೇಕಾಗುತ್ತದೆ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಕೆ.ಜಿ. ಪ್ರೆಷರ್ (ಚದರ ಸೆಂಟಿಮೀಟರಿಗೆ) ಎಂಬುದು ಪ್ಲಂಬರ್‌ಗಳ ಲೆಕ್ಕ. ನಮ್ಮ ಕೆಳಗಿನ ಶೌಚಾಲಯಕ್ಕೂ ತಾರಸಿಯ ಟ್ಯಾಂಕಿಗೂ ಸುಮಾರು 5 ಮೀಟರ್ ಅಂತರವಿದ್ದು, ಅಲ್ಲಿ ವಾಲ್ವ್ ಚುರುಕಾಗಿ ತುಂಬಿಸಿ ಪೂರ್ತಿ ಮುಚ್ಚುತ್ತದೆ. ರಾತ್ರಿಯ ಸದ್ದೂ ಇಲ್ಲ. ಮಹಡಿಯಲ್ಲಿ ಅಂತರ 2 ಮೀಟರಿನಷ್ಟೇ ಇರುವುದರಿಂದ ಟ್ಯಾಂಕ್ ತುಂಬಲು ಎರಡರಷ್ಟು ಹೊತ್ತು ಹಿಡಿಯುತ್ತದೆ, ಮೇಲಿನ ನೀರು ತಳ ಹಿಡಿದ ದಿನಗಳಲ್ಲಂತೂ ಕೊನೆಯ ಹನಿಗಳು ನಿಲ್ಲಲು ತಡವಾಗುತ್ತದೆ. ತಾರಸಿಯ ಕೆಳಗಿನ ಮಹಡಿಯಲ್ಲಿಯೇ ಶೌಚಾಲಯವಿದ್ದು, ಟ್ಯಾಂಕನ್ನು ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿಲ್ಲದವರು ಒಳ್ಳೆಯ ಗುಣಮಟ್ಟದ ಕಡ್ಡಿಯ ಬಾಲ್ ಕಾಕ್ ಹಾಕಿಸುವುದೇ ಲೇಸು. ಅದರ ಬಾಯಿ ಅಗಲ, ಕಡಿಮೆ ಒತ್ತಡದಲ್ಲೂ ಅದು ಕೆಲಸ ಮಾಡುತ್ತದೆ. ನಮ್ಮ ಮಹಡಿಗೂ ಮುಂದಿನ ಸಲ ಅದನ್ನೇ ಹಾಕಿಸುತ್ತೇನೆ.

ಬೇಸಿಗೆಯ ನಡುವೆ ಕೆಳಗಿನ ವಾಲ್ವ್ ಒಮ್ಮೆ ಪೂರ್ತಿ ಮುಚ್ಚದೆ ಸಣ್ಣಗೆ ನೀರು ಎಳೆಯತೊಡಗಿದಾಗ ಮುಚ್ಚಳ ಬಿಚ್ಚಿ ನೋಡಿದೆ. ಡಯಾಫ್ರಾಮಿನ ಅಂಚಿನ ಸುತ್ತ ಉಪ್ಪು ಕಟ್ಟಿ ಬೆಳ್ಳಗಿನ ಉಂಗುರವೊಂದು ಎದ್ದಿತ್ತು, ಜಾಲರಿಯ ಅರ್ಧ ಕಣ್ಣುಗಳು ಕೆಂಪು ಮಣ್ಣಿನಿಂದ ಮುಚ್ಚಿದ್ದವು. ಎರಡನ್ನೂ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಹಳೆಯ ಟೂತ್‌ಬ್ರಶ್‌ನಿಂದ ಮೆಲ್ಲಗೆ ಉಜ್ಜಿ ಕೂರಿಸಿದ ಮೇಲೆ ನೀರು ಮೊದಲಿನಂತೆ ಪೂರ್ತಿ ನಿಂತಿತು. ಶೌಚಾಲಯ ತೊಳೆಯುವ ಆಸಿಡ್ ಬಳಸಬಾರದು, ಟ್ಯಾಂಕಿನೊಳಗೆ ಬಿಡುವ ಕ್ಲೋರಿನ್ ಬಿಲ್ಲೆಗಳೂ ಬೇಡ. ಎರಡೂ ರಬ್ಬರನ್ನು ಹಾಳುಮಾಡುತ್ತವೆ.

ಈ ವಾಲ್ವಿನ ದೊಡ್ಡ ಕೊರತೆ ಎಂದರೆ ಡಯಾಫ್ರಾಮ್ ಬಿಡಿಯಾಗಿ ಸಿಗದಿರುವುದು. ಕೆಲವೇ ರೂಪಾಯಿಗಳ ರಬ್ಬರ್ ತುಂಡಿಗಾಗಿ ಇಡೀ ವಾಲ್ವನ್ನು ಎಸೆಯಬೇಕಾಗುವುದು ಕೊಳ್ಳುವವರಿಗೆ ಅನ್ಯಾಯ. ಮಟ್ಟ ಹೊಂದಿಸುವ ಸ್ಕ್ರೂ ಕೂಡ ತೆಳು ಪ್ಲಾಸ್ಟಿಕ್ಕಿನದು. ನೀರಿನ ಮಟ್ಟ ಓವರ್‌ಫ್ಲೋ ಬಾಯಿಂದ ಒಂದು ಇಂಚು ಕೆಳಗೆ ನಿಲ್ಲುವಂತೆ ಒಮ್ಮೆ ಹೊಂದಿಸಿದ ಮೇಲೆ ಅದನ್ನು ಮುಟ್ಟದಿರುವುದೇ ಕ್ಷೇಮ. ಕೊಳ್ಳುವಾಗಲೇ ಬಿಡಿ ಡಯಾಫ್ರಾಮ್ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಸಿಗುತ್ತದೆ ಎನ್ನುವ ಮಾದರಿಗೆ ಐವತ್ತು ರೂಪಾಯಿ ಹೆಚ್ಚಾದರೂ ಕೊಟ್ಟು, ಒಂದು ಡಯಾಫ್ರಾಮನ್ನು ಜೊತೆಗೇ ತಂದಿಟ್ಟುಕೊಳ್ಳಿ.