ಹೊಸ ಬ್ರೇಕ್ ಹೋಸ್ ಹಾಕಿಸಿದವರು ಒಮ್ಮೆ ಚಕ್ರದ ಹಿಂದೆ ಬಗ್ಗಿ ನೋಡಿ

ಹಳೇ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ಚಾಮುಂಡಿ ಬೆಟ್ಟದಿಂದ ಇಳಿಯುವಾಗ ನಮ್ಮ ಕಾರಿನ ಬ್ರೇಕ್ ಹೋಯಿತು. ಕಾರಿನಲ್ಲಿ ಅಮ್ಮ, ನನ್ನ ಹೆಂಡತಿ, ಆರು ವರ್ಷದ ಮಗಳು ಇದ್ದರು. ಒಡೆದದ್ದು ಹಳೇ ಹೋಸ್ ಆಗಿದ್ದರೆ ನನ್ನದೇ ತಪ್ಪು ಅಂತ ಸುಮ್ಮನಾಗುತ್ತಿದ್ದೆ. ಅದು ಹಾಕಿಸಿ ಬರೀ 23 ದಿನವಾಗಿದ್ದ ಹೊಸ ಹೋಸ್.

ನಮ್ಮದು 2002ರ ಮಾರುತಿ ಜೆನ್. ಅಪ್ಪ ಕೊಂಡಿದ್ದ ಕಾರು. ಅವರು ಹೋದ ಮೇಲೆ ಮಾರೋದಕ್ಕೆ ಮನಸ್ಸು ಬರಲಿಲ್ಲ. ಇಂಜಿನ್ ಇವತ್ತಿಗೂ ಗಟ್ಟಿಯಾಗಿದೆ, ಆದರೆ ಇಪ್ಪತ್ತು ವರ್ಷ ದಾಟಿದ ಕಾರಿನಲ್ಲಿ ರಬ್ಬರ್ ಅನ್ನೋದು ಯಾವುದೂ ಗಟ್ಟಿಯಾಗಿ ಉಳಿಯೋದಿಲ್ಲ, ಅದು ನನಗೆ ತಡವಾಗಿ ಗೊತ್ತಾಯಿತು.

ಮೊದಲು ಶುರುವಾದದ್ದು ಒಂದು ಸಣ್ಣ ತೊಂದರೆ. ಬ್ರೇಕ್ ಒತ್ತಿದರೆ ಕಾರು ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು. ಕಾಲು ತೆಗೆದ ಮೇಲೆ ಎಡಕ್ಕೆ ಎಳೆಯುತ್ತಿತ್ತು. ರಿಂಗ್ ರೋಡಿನಲ್ಲಿ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಎಡಗಡೆ ಮುಂದಿನ ಚಕ್ರದ ಹತ್ತಿರ ಕೈ ಇಡೋಕೆ ಆಗದಷ್ಟು ಬಿಸಿ, ಜೊತೆಗೆ ಸುಟ್ಟ ವಾಸನೆ. ಮನೆ ಹತ್ತಿರದ ಗ್ಯಾರೇಜಿಗೆ ಬಿಟ್ಟೆ. ಅಲೈನ್‌ಮೆಂಟ್ ಅಂದರು, ಮಾಡಿಸಿದೆ. ಹೋಗಲಿಲ್ಲ. ಪ್ಯಾಡ್ ಅಂದರು, ಬದಲಿಸಿದರು. ಹೋಗಲಿಲ್ಲ. ಪ್ಯಾಡನ್ನು ಚಕ್ರದ ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ಜಾಮ್ ಆಗಿದೆ ಅಂತ ಹೇಳಿ ಅದರ ಕಿಟ್ಟನ್ನೂ ಹಾಕಿದರು. ಮೂರು ಸಲ ಹೋಗಿಬಂದು ನಾಲ್ಕು ಸಾವಿರದ ಮೇಲೆ ಖರ್ಚಾಯಿತು, ಚಕ್ರ ಬಿಸಿಯಾಗೋದು ಮಾತ್ರ ಹಾಗೇ ಇತ್ತು.

ಇಷ್ಟೆಲ್ಲಾ ಆದ ಮೇಲೆ ಹೋಸ್ ಕಡೆ ಕಣ್ಣು ಹೋಯಿತು. ಇಲ್ಲಿ ಒಂದು ವಿಷಯ ಹೇಳಲೇಬೇಕು. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ಬರುವ ಬ್ರೇಕ್ ಪೈಪು ಉಕ್ಕಿನದು, ಅದು ಅಲುಗಾಡೋದಿಲ್ಲ. ಚಕ್ರ ಮಾತ್ರ ಹಳ್ಳ ದಿಣ್ಣೆಗೆ ಮೇಲೆ ಕೆಳಗೆ ಆಡುತ್ತದೆ, ಮುಂದಿನ ಚಕ್ರವಾದರೆ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಅದಕ್ಕೇ ಕೊನೆಯ ಗೇಣುದ್ದಕ್ಕೆ ರಬ್ಬರ್ ಹೋಸ್ ಕೊಟ್ಟಿರುತ್ತಾರೆ. ಒಳಗೊಂದು ರಬ್ಬರ್ ಪದರ, ಅದರ ಮೇಲೆ ದಾರದ ಹೆಣಿಗೆ, ಹೊರಗೆ ಮತ್ತೊಂದು ರಬ್ಬರ್. ಹೊರಗಿನದು ಬಿರುಕು ಬಿಟ್ಟರೆ ನಮಗೆ ಕಾಣುತ್ತದೆ. ಒಳಗಿನದು ಊದಿಕೊಂಡು ದಾರಿ ಮುಚ್ಚಿದರೆ ಕಾಣೋದೇ ಇಲ್ಲ. ನಾವು ಪೆಡಲ್ ತುಳಿಯುವ ಜೋರಿಗೆ ಆಯಿಲ್ ಹೇಗೋ ನುಗ್ಗಿ ಕ್ಯಾಲಿಪರ್‌ಗೆ ಹೋಗುತ್ತದೆ, ಆದರೆ ಕಾಲು ತೆಗೆದ ಮೇಲೆ ವಾಪಸ್ ಬರೋಕೆ ದಾರಿ ಇರೋದಿಲ್ಲ. ಪ್ಯಾಡ್ ಡಿಸ್ಕನ್ನು ಹಿಡಿದೇ ಇರುತ್ತದೆ. ನಮ್ಮ ಕಾರು ಬ್ರೇಕ್ ಒತ್ತಿದಾಗ ಬಲಕ್ಕೆ, ಬಿಟ್ಟಾಗ ಎಡಕ್ಕೆ ಎಳೆಯುತ್ತಿದ್ದದ್ದು ಇದಕ್ಕೇ. ಎಡ ಚಕ್ರಕ್ಕೆ ಬ್ರೇಕ್ ತಡವಾಗಿ ಸಿಗುತ್ತಿತ್ತು, ತಡವಾಗಿ ಬಿಡುತ್ತಿತ್ತು.

ಇದನ್ನು ಪರೀಕ್ಷೆ ಮಾಡೋಕೆ ಐದು ನಿಮಿಷ ಸಾಕು. ಜಾಕ್ ಕೊಟ್ಟು ಚಕ್ರ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಒಬ್ಬರು ಬ್ರೇಕ್ ಒತ್ತಿ ಬಿಡಬೇಕು. ಚಕ್ರ ಕೈಯಲ್ಲಿ ತಿರುಗದಿದ್ದರೆ ಉಕ್ಕಿನ ಪೈಪು ಹೋಸಿಗೆ ಸೇರುವ ನಟ್ ಸ್ವಲ್ಪ ಸಡಿಲಿಸಿ ನೋಡಬೇಕು. ಆಗ ಚಕ್ರ ಬಿಟ್ಟುಕೊಂಡರೆ ತೊಂದರೆ ಮೇಲೆ, ಅಂದರೆ ಮಾಸ್ಟರ್ ಸಿಲಿಂಡರ್ ಕಡೆ ಇದೆ. ಆಗಲೂ ಬಿಡದೆ, ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ತಿರುಪು) ಬಿಚ್ಚಿದ ತಕ್ಷಣ ಬಿಟ್ಟುಕೊಂಡರೆ ಹೋಸ್ ಒಳಗೆ ಮುಚ್ಚಿದೆ ಅಂತ ಅರ್ಥ. ನಿಪ್ಪಲ್ ಬಿಚ್ಚಿದರೂ ಬಿಡದಿದ್ದರೆ ಮಾತ್ರ ಕ್ಯಾಲಿಪರ್ ಮೇಲೆ ಅನುಮಾನ ಪಡಬೇಕು. ಇದನ್ನು ಮೊದಲನೇ ದಿನವೇ ಮಾಡಿದ್ದರೆ ನನ್ನ ನಾಲ್ಕು ಸಾವಿರ ಉಳಿಯುತ್ತಿತ್ತು.

ಆಮೇಲೆ ಎಡಗಡೆ ಹೋಸ್ ಬದಲಿಸಿದರು. ಬಲಗಡೆಯದೂ ಅಷ್ಟೇ ಹಳೇದು, ಅದನ್ನೂ ಬದಲಿಸಿ ಅಂದೆ. 'ಅದು ಚೆನ್ನಾಗಿದೆ ಸಾರ್, ಸುಮ್ನೆ ಯಾಕೆ ದುಡ್ಡು' ಅಂದರು. ನಾನೂ ಒಪ್ಪಿಕೊಂಡೆ. ಒಪ್ಪಬಾರದಿತ್ತು. ಹೊಸ ಹೋಸ್ ಯಾವ ಕಂಪನಿಯದು ಅಂತಲೂ ನೋಡಲಿಲ್ಲ. ಸಂಜೆ ಏಳು ಗಂಟೆ, ಮಳೆ ಬೇರೆ, ಹುಡುಗ ಕೈ ಒರೆಸಿಕೊಂಡು ಕೀ ಕೊಟ್ಟ. ಬ್ರೇಕ್ ಚೆನ್ನಾಗಿ ಹಿಡಿಯಿತು, ಎಳೆಯೋದು ನಿಂತಿತು. ಖುಷಿಯಾಗಿ ಮನೆಗೆ ಬಂದೆ.

ನಮ್ಮ ಮನೆ ಕುವೆಂಪುನಗರದ ಒಂದು ಇಕ್ಕಟ್ಟಾದ ಅಡ್ಡರಸ್ತೆಯಲ್ಲಿದೆ. ಗೇಟಿನೊಳಗೆ ಕಾರು ಹಾಕಬೇಕಾದರೆ ದಿನಾ ಸ್ಟೇರಿಂಗ್ ಕೊನೆಯವರೆಗೆ ಕಟ್ ಹೊಡೆಯಲೇಬೇಕು. ಹೋಸ್ ಹಾಕಿಸಿದ ಮಾರನೇ ದಿನದಿಂದ ಪೂರ್ತಿ ತಿರುಗಿಸಿದಾಗ ಎಡಗಡೆಯಿಂದ ಸರಸರ ಅಂತ ಸಣ್ಣ ಸದ್ದು ಬರುತ್ತಿತ್ತು. ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಟೈರಿಗೆ ತಗಲುತ್ತಿದೆ ಅಂದುಕೊಂಡೆ. ಆ ಸದ್ದನ್ನು ನಾನು 23 ದಿನ ಕೇಳಿದ್ದೇನೆ. ಒಂದು ದಿನವೂ ಬಗ್ಗಿ ನೋಡಲಿಲ್ಲ. ಈಗಲೂ ರಾತ್ರಿ ಮಲಗಿದಾಗ ಅದು ನೆನಪಾಗುತ್ತದೆ.

ಆಷಾಢ ಶುಕ್ರವಾರದ ನೂಕುನುಗ್ಗಲು ಬೇಡ, ಆವತ್ತು ನಮ್ಮ ಗಾಡಿಗಳನ್ನು ಬಿಡೋದೂ ಇಲ್ಲ ಅಂತ ಶ್ರಾವಣ ಬಂದ ಮೇಲೆ ಬೆಟ್ಟಕ್ಕೆ ಹೊರಟೆವು. ದರ್ಶನ ಆಯಿತು. ವಾಪಸ್ ಇಳಿಯುವಾಗ ಊರು ಕಾಣುವ ವ್ಯೂ ಪಾಯಿಂಟ್ ದಾಟಿ ಸ್ವಲ್ಪ ದೂರ ಬಂದಿದ್ದೆವು, ತಿರುವಿನಲ್ಲಿ ಎದುರಿಗೆ ಒಂದು ಬಸ್ಸು ಬಂತು. ಜೋರಾಗಿ ಬ್ರೇಕ್ ಒತ್ತಿದೆ. ಪೆಡಲ್ ಒಂದು ಕ್ಷಣ ಗಟ್ಟಿಯಾಗಿ ಸಿಕ್ಕಿ, ಆಮೇಲೆ ಕಾಲ ಕೆಳಗಿನಿಂದ ಜಾರಿ ಹೋಯಿತು. ಪೂರ್ತಿ ಕೆಳಗೆ. ಆ ಭಯ ಹೇಗಿರುತ್ತದೆ ಅಂತ ಬರೆಯೋಕೆ ನನ್ನಿಂದ ಆಗಲ್ಲ.

ಬಸ್ಸು ಹೇಗೋ ಪಕ್ಕದಲ್ಲಿ ದಾಟಿ ಹೋಯಿತು. ಪೆಡಲನ್ನು ಪೂರ್ತಿ ಕೆಳಗೆ ತುಳಿದು ಹಿಡಿದರೆ ಸ್ವಲ್ಪ ಬ್ರೇಕ್ ಸಿಗುತ್ತಿತ್ತು. ಮಾಸ್ಟರ್ ಸಿಲಿಂಡರ್ ಒಳಗೆ ಎರಡು ಭಾಗ ಇರುತ್ತವಂತೆ, ಒಂದು ಕಡೆ ಆಯಿಲ್ ಸೋರಿ ಹೋದರೂ ಇನ್ನೊಂದು ಕಡೆಯ ಎರಡು ಚಕ್ರ ಹಿಡಿಯುತ್ತವೆ. ನಮ್ಮನ್ನು ಉಳಿಸಿದ್ದು ಅದೇ. ಎರಡನೇ ಗೇರಿಗೆ ಹಾಕಿ, ಆಮೇಲೆ ಒಂದನೇ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆದೆ. ಹ್ಯಾಂಡ್ ಬ್ರೇಕ್ ಕೇಬಲಿನಲ್ಲಿ ಕೆಲಸ ಮಾಡುತ್ತದೆ, ಅದಕ್ಕೂ ಆಯಿಲಿಗೂ ಸಂಬಂಧವಿಲ್ಲ. ಆದರೆ ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾಮ್ ಆಗಿ ಕಾರು ತಿರುಗಿಬಿಡುತ್ತದೆ. ರಸ್ತೆ ಬದಿಯ ಮಣ್ಣಿಗೆ ಇಳಿಸಿದೆ, ನಿಂತಿತು. ಅಮ್ಮ ದೇವಿಯ ಹೆಸರು ಹೇಳುತ್ತಲೇ ಇದ್ದರು. ಹಿಂದೆ ಬರುತ್ತಿದ್ದ ಆಟೋದವರೊಬ್ಬರು ಓಡಿಬಂದು ಚಕ್ರಕ್ಕೆ ಎರಡು ಕಲ್ಲು ಕೊಟ್ಟರು. ನಮ್ಮವರನ್ನೆಲ್ಲ ತಮ್ಮ ಆಟೋದಲ್ಲೇ ಕೆಳಗೆ ಇಳಿಸಿದರು, ದುಡ್ಡು ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಇನ್ನೊಬ್ಬರು ಚಕ್ರಕ್ಕೆ ತಣ್ಣೀರು ಹೊಯ್ಯೋಕೆ ಬಾಟಲಿ ಹಿಡಿದು ಬಂದರು. ಬೇಡ ಅಂದೆ. ಕಾದ ಡಿಸ್ಕಿಗೆ ನೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕು ಬಿಡಲೂಬಹುದು.

ಕಾರನ್ನು ಟೋ ಮಾಡಿಸಿ ಎನ್.ಆರ್. ಮೊಹಲ್ಲಾ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ತಂದೆ. ಅವರು ಚಕ್ರ ಬಿಚ್ಚಿ ಹೋಸನ್ನು ಕೈಯಲ್ಲಿ ಹಿಡಿದು, 'ಬನ್ನಿ ಸ್ವಾಮಿ, ನೀವೇ ನೋಡಿ' ಅಂದರು. ಹೋಸಿನ ಒಂದು ಪಕ್ಕ ಟೈರಿಗೆ ಉಜ್ಜಿ ಉಜ್ಜಿ ಸವೆದು ದಾರ ಹೊರಗೆ ಬಂದಿತ್ತು, ಅದೇ ಜಾಗದಲ್ಲಿ ಒಡೆದಿತ್ತು. ಹೋಸಿನ ಉದ್ದಕ್ಕೂ ಒಂದು ಬಿಳಿ ಗೆರೆ ಇತ್ತು. ಅದು ನೇರವಾಗಿ ಇರಬೇಕಾದದ್ದು ಜಡೆಯ ಹಾಗೆ ಸುತ್ತಿಕೊಂಡಿತ್ತು. ನಟ್ ಬಿಗಿ ಮಾಡುವಾಗ ಹೋಸನ್ನು ಹಿಡಿದುಕೊಳ್ಳದೆ ಬಿಗಿ ಮಾಡಿದ್ದಾರೆ, ನಟ್ ಜೊತೆ ಹೋಸೂ ತಿರುಚಿಕೊಂಡಿದೆ. ಇನ್ನೂ ದೊಡ್ಡದು ಏನೆಂದರೆ, ಶಾಕ್ ಅಬ್ಸಾರ್ಬರ್ ಮೇಲಿನ ಪಟ್ಟಿಗೆ ಹೋಸನ್ನು ಕೂರಿಸಿ ಒಂದು ತಗಡಿನ ಕ್ಲಿಪ್ ಹೊಡೆಯಬೇಕು, ಆ ಕ್ಲಿಪ್ಪೇ ಇರಲಿಲ್ಲ. ಹಳೇದನ್ನು ತೆಗೆಯುವಾಗ ಎಲ್ಲೋ ಬೀಳಿಸಿರಬೇಕು. ಹತ್ತು ರೂಪಾಯಿಯ ಕ್ಲಿಪ್ ಅದು. ಅದಿಲ್ಲದೆ ಹೋಸ್ ಜೋತು ಬಿದ್ದು, ನಾನು ಗೇಟಿನ ಮುಂದೆ ಕಟ್ ಹೊಡೆದಾಗೆಲ್ಲ ಟೈರಿಗೆ ತಗಲುತ್ತಿತ್ತು. ಸಾಲದ್ದಕ್ಕೆ ಹೋಸ್ ಕೂಡ ಒಂದು ಇಂಚು ಉದ್ದ ಜಾಸ್ತಿ ಇತ್ತು. ಅದರ ಮೇಲೆ ಏನೂ ಬರೆದಿರಲಿಲ್ಲ. ಸರಿಯಾದ ಹೋಸಿನ ಮೇಲೆ ತಯಾರಿಸಿದವರ ಗುರುತು, ಎಸ್‌ಎಇ ಜೆ1401 ಥರದ ಮಾನದಂಡದ ಗುರುತು ಅಚ್ಚಾಗಿರುತ್ತದೆ. ಅಂಗಡಿಯಲ್ಲೇ ಹಳೇದರ ಪಕ್ಕ ಇಟ್ಟು ಉದ್ದ ನೋಡಿ, ತುದಿಯ ಆಕಾರ ನೋಡಿ, ಬರಹ ಓದಿ, ಆಮೇಲೆ ದುಡ್ಡು ಕೊಡಿ.

ಅವರು ಇನ್ನೂ ಒಂದು ಮಾತು ಹೇಳಿದರು, ಅದನ್ನು ಎಲ್ಲರೂ ಗಮನಿಸಬೇಕು. ಪ್ಯಾಡ್ ಬದಲಿಸುವಾಗ ಎಷ್ಟೋ ಕಡೆ ಕ್ಯಾಲಿಪರ್ ಬಿಚ್ಚಿ ಹೋಸಿನಲ್ಲೇ ನೇತಾಡಲು ಬಿಡುತ್ತಾರೆ. ಅಷ್ಟು ಭಾರ ಅದರ ಮೇಲೆ ಬಿದ್ದರೆ ಒಳಗಿನ ಪದರ ಹರಿಯುತ್ತದೆ. ತಂತಿಯಲ್ಲಿ ಮೇಲೆ ಕಟ್ಟಬೇಕು. ಆಯಿಲ್ ಸೋರಬಾರದು ಅಂತ ಹೋಸನ್ನು ಇಕ್ಕಳದಲ್ಲಿ ಒತ್ತಿ ಹಿಡಿಯುವವರೂ ಇದ್ದಾರೆ, ಅದೂ ಅಷ್ಟೇ ಕೆಟ್ಟದ್ದು. ನನ್ನ ಪ್ಯಾಡ್ ಬದಲಿಸಿದ ದಿನ ಕ್ಯಾಲಿಪರ್ ನೇತಾಡುತ್ತಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಏನೂ ಅನಿಸಿರಲಿಲ್ಲ.

ಮುಂದಿನ ಎರಡೂ ಹೋಸ್ ಹೊಸದು ಹಾಕಿದರು. ಪೈಪಿನ ನಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್‌ನಲ್ಲೇ ಬಿಚ್ಚಿದರು. ಸಾಧಾರಣ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆಯುತ್ತದೆ, ಆಮೇಲೆ ಪೈಪೇ ಬದಲಿಸಬೇಕಾಗುತ್ತದೆ. ಕ್ಯಾಲಿಪರ್ ಬೋಲ್ಟಿನ ತಾಮ್ರದ ವಾಷರ್‌ಗಳನ್ನೂ ಹೊಸದೇ ಹಾಕಿದರು. ಆಯಿಲ್ ವಿಷಯದಲ್ಲಂತೂ ಅವರು ತುಂಬಾ ಗಟ್ಟಿ. ಮುಚ್ಚಳ ತೆಗೆದಿಟ್ಟ ಹಳೇ ಬಾಟಲಿ ಮುಟ್ಟಲೇ ಇಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನ ಅಂಶ ಹೀರುತ್ತದೆ. ಡಾಟ್ 3 ಅನ್ನೋ ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಲೆಕ್ಕ, ನೀರು ಹೀರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಬೆಟ್ಟ ಇಳಿಯುವಾಗ ಬ್ರೇಕ್ ಎಷ್ಟು ಕಾಯುತ್ತದೆ ಅಂತ ಯೋಚಿಸಿ. ನಾಲ್ಕೂ ಚಕ್ರದ ಬ್ರೇಕ್ ಲೈನಿನಲ್ಲಿದ್ದ ಏರ್ ತೆಗೆದು, ಹಳೇ ಕಪ್ಪು ಆಯಿಲ್ ಹೋಗಿ ತಿಳಿಯಾದದ್ದು ಬರುವವರೆಗೆ ಬಿಡಲಿಲ್ಲ.

ಕೊನೆಗೆ ಕಾರನ್ನು ನೆಲಕ್ಕೆ ಇಳಿಸಿ, ಅವರು ಸ್ಟೇರಿಂಗ್ ಎಡದ ತುದಿಗೆ, ಬಲದ ತುದಿಗೆ ತಿರುಗಿಸಿದರು, ನನಗೆ ಬಗ್ಗಿ ನೋಡಿ ಅಂದರು. ಟೈರಿಗೂ ಹೋಸಿಗೂ ಮಧ್ಯೆ ಎರಡು ಬೆರಳು ಹೋಗುವಷ್ಟು ಜಾಗ ಇತ್ತು, ಬಿಳಿ ಗೆರೆ ನೇರವಾಗಿತ್ತು, ಕ್ಲಿಪ್ ಕೂತಿತ್ತು. ಆಮೇಲೆ ಒಬ್ಬರು ಒಂದು ನಿಮಿಷ ಜೋರಾಗಿ ಪೆಡಲ್ ತುಳಿದು ಹಿಡಿದರು, ಜಾಯಿಂಟಿನಲ್ಲಿ ಒದ್ದೆ ಇದೆಯಾ ಅಂತ ನೋಡಿದೆವು. ಎಲ್ಲಾ ಸೇರಿ ಎರಡು ನಿಮಿಷದ ಕೆಲಸ. ಗ್ಯಾರೇಜಿನವರು ಮಾಡದಿದ್ದರೆ ನೀವೇ ಕೇಳಿ ಮಾಡಿಸಿ. ಅವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಕಾರಿನಲ್ಲಿ ಕೂರೋದು ನಿಮ್ಮ ಮನೆಯವರು.

ಮೊದಲನೇ ಗ್ಯಾರೇಜಿಗೆ ಹೋಗಿ ಒಡೆದ ಹೋಸ್ ತೋರಿಸಿದೆ. 'ಹೊಸ ಹುಡುಗ ಸಾರ್, ಕ್ಲಿಪ್ ಮರೆತಿರಬೇಕು' ಅಂದರು. ಅಷ್ಟೇ. ಜಗಳ ಆಡುವ ಶಕ್ತಿ ನನಗಿರಲಿಲ್ಲ. ಅಲ್ಲಿಗೆ ಬಂದಿದ್ದ ಬೇರೆ ಹಳೇ ಕಾರುಗಳನ್ನು ನೋಡಿ ಮಾತ್ರ ಹೊಟ್ಟೆ ಕಿವುಚಿದ ಹಾಗಾಯಿತು.

ಹಿಂದಿನ ಚಕ್ರದ ಕಡೆಯ ಹೋಸ್ ಇನ್ನೂ ಹಳೇದೇ. ಹೊರಗೆ ಬಿರುಕು ಕಾಣುತ್ತಿದೆ, ಸರಿಯಾದ ಪಾರ್ಟ್ ಬರೋಕೆ ಹತ್ತು ದಿನ ಆಗುತ್ತದೆ ಅಂದಿದ್ದಾರೆ. ಕಾರು ಅಲ್ಲಿವರೆಗೆ ಗೇಟಿನೊಳಗೇ ನಿಂತಿರುತ್ತದೆ. ಅಮ್ಮ ಮುಂದಿನ ಶುಕ್ರವಾರ ಮತ್ತೆ ಬೆಟ್ಟಕ್ಕೆ ಹೋಗಬೇಕು ಅನ್ನುತ್ತಿದ್ದಾರೆ, ಸಿಟಿ ಬಸ್ ಸ್ಟ್ಯಾಂಡಿನಿಂದ 201ನೇ ನಂಬರ್ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ.