ಯುಸಿಐ ಜೊತೆ ಮೂರು ವರ್ಷ: ಇಷ್ಟ ಆಯಿತು, ನಂಬರ್ ನೋಡಿ ಡಿಲೀಟ್ ಮಾತ್ರ ಮಾಡಬೇಡಿ

ಸಾಗರದ ಮನೆಯ ರೂಟರ್‌ಗೆ ಓಪನ್‌ವರ್ಟ್ (ಕಂಪನಿ ಕೊಟ್ಟ ಸಾಫ್ಟ್‌ವೇರ್ ಬದಲು ಹಾಕುವ ಲಿನಕ್ಸ್) ಹಾಕಿ ಮೂರು ವರ್ಷ ಆಯಿತು. ನಾನಿರುವುದು ಬೆಂಗಳೂರಲ್ಲಿ. ಏನು ಬದಲಾಯಿಸಬೇಕಾದರೂ ಇಲ್ಲಿಂದ ವೈರ್‌ಗಾರ್ಡ್ ಅನ್ನುವ ವಿಪಿಎನ್‌ನಲ್ಲಿ ಮನೆ ನೆಟ್‌ವರ್ಕ್ ಒಳಗೆ ಹೋಗಿ, ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ರೂಟರ್‌ಗೆ ಕಮಾಂಡ್ ಕೊಡುವ ದಾರಿ), ಸೆಟ್ಟಿಂಗ್ ಬದಲಾಯಿಸುವ ಯುಸಿಐ ಅನ್ನುವ ಕಮಾಂಡ್‌ನಲ್ಲೇ ಎಲ್ಲ ಕೆಲಸ. ಈ ರಿವ್ಯೂ ಆ ಕಮಾಂಡ್ ಬಗ್ಗೆ ಮಾತ್ರ. ವೈಫೈ ಸ್ಪೀಡು, ರೇಂಜು ಎಲ್ಲ ನಿಮ್ಮ ನಿಮ್ಮ ರೂಟರ್‌ನ ಹಣೆಬರಹ.

ಮೊದಲು ಹಿಡಿಸಿದ್ದು. ಕಾನ್ಫಿಗ್, ಅಂದರೆ ಸೆಟ್ಟಿಂಗ್‌ಗಳು, ಪೂರ್ತಿ ಸಾದಾ ಟೆಕ್ಸ್ಟ್. ಇಟಿಸಿ ಒಳಗೆ ಕಾನ್ಫಿಗ್ ಅನ್ನೋ ಫೋಲ್ಡರ್ ಇದೆ, ಅದರಲ್ಲಿ ನೆಟ್‌ವರ್ಕ್, ವೈರ್‌ಲೆಸ್, ಫೈರ್‌ವಾಲ್, ಡಿಎಚ್‌ಸಿಪಿ ಅಂತ ಒಂದೊಂದಕ್ಕೆ ಒಂದು ಫೈಲು, ಅಷ್ಟೇ. 'ಯುಸಿಐ ಸೆಟ್' ಕೊಟ್ಟರೆ ಬದಲಾವಣೆ ನೇರವಾಗಿ ಆ ಫೈಲಿಗೆ ಹೋಗುವುದಿಲ್ಲ, ಪಕ್ಕದಲ್ಲಿ ಕಾದಿರುತ್ತದೆ. 'ಯುಸಿಐ ಚೇಂಜಸ್' ಅಂದರೆ ಏನೇನು ಕಾದಿದೆ ಅಂತ ತೋರಿಸುತ್ತದೆ. ಬೇಡ ಅನಿಸಿದರೆ 'ರಿವರ್ಟ್', ಸರಿ ಅನಿಸಿದರೆ 'ಕಮಿಟ್'. ಕಮಿಟ್ ಆದ ಮೇಲೂ ಆ ಸರ್ವಿಸ್ ರೀಲೋಡ್ ಮಾಡುವ ತನಕ ಏನೂ ಆಗಲ್ಲ. ಶುರುವಿನಲ್ಲಿ ಇದೇನು ಇಷ್ಟೊಂದು ಮೆಟ್ಟಿಲು ಅನಿಸಿತ್ತು. ಈಗ ಒಂದು ಜಾಸ್ತಿ ಇದ್ದರೂ ಬೇಜಾರಿಲ್ಲ.

ಯಾಕೆ ಅಂತ ಹೇಳುತ್ತೇನೆ.

ಫೈರ್‌ವಾಲ್ ಅಂದರೆ ಹೊರಗಿನಿಂದ ಯಾವುದನ್ನು ಒಳಗೆ ಬಿಡಬೇಕು ಅಂತ ನೋಡುವ ಕಾವಲು. ನಾವೇ ಹೆಸರು ಕೊಡದಿದ್ದರೆ ಅದರ ರೂಲ್‌ಗಳನ್ನು ಯುಸಿಐ ನಂಬರ್‌ನಿಂದ ಗುರುತಿಸುತ್ತದೆ, ಸೊನ್ನೆಯಿಂದ ಶುರು. ಮೊದಲೇ ಬರುವ ಒಂಬತ್ತು ರೂಲ್ ಆದಮೇಲೆ ನನ್ನವು 9, 10, 11. ಮೊದಲೆರಡು ಹಳೇ ಕ್ಯಾಮೆರಾಗೆ ಹಾಕಿದ್ದು, 11 ವೈರ್‌ಗಾರ್ಡ್ ಪೋರ್ಟ್‌ನದ್ದು, ಅಂದರೆ ನಾನು ಒಳಗೆ ಬರುವ ಬಾಗಿಲು. ಕ್ಯಾಮೆರಾ ಕೆಟ್ಟು ಕೂತಿತ್ತು, ಅದರ ರೂಲ್ ಯಾಕೆ ಅಂತ 9 ಡಿಲೀಟ್ ಮಾಡಿದೆ, ಆಮೇಲೆ 10 ಡಿಲೀಟ್ ಮಾಡಿದೆ. ಸಿಕ್ಕಿತಾ? 9 ಹೋದ ತಕ್ಷಣ 10 ಇದ್ದದ್ದು 9 ಆಯಿತು, 11 ಇದ್ದದ್ದು 10 ಆಯಿತು. ನಾನು ಕೂತ ಕೊಂಬೆಯನ್ನೇ ಕಡಿದಿದ್ದೆ. 'ಚೇಂಜಸ್' ನೋಡಿದ್ದೆ ಕೂಡ. ಆದರೆ ಡಿಲೀಟ್ ಆದ ರೂಲ್‌ಗೆ ಅದು ತೋರಿಸುವುದು ಸಿಎಫ್‌ಜಿ ಅಂತ ಶುರುವಾಗುವ ಒಂದು ಕೋಡ್ ಅಷ್ಟೇ, ಯಾವ ರೂಲ್ ಹೋಯಿತು ಅಂತ ಅದರಿಂದ ಯಾರಿಗೆ ಗೊತ್ತಾಗಬೇಕು?

ಇನ್ನೂ ಮಜಾ ಅಂದರೆ ಕಮಿಟ್, ರೀಲೋಡ್ ಎರಡೂ ಮಾಡಿದರೂ ಆ ಕ್ಷಣಕ್ಕೆ ಏನೂ ಆಗಲಿಲ್ಲ. ಮೊದಲೇ ನಡೆಯುತ್ತಿರುವ ಕನೆಕ್ಷನ್ ಅನ್ನು ಫೈರ್‌ವಾಲ್ ಕಡಿಯುವುದಿಲ್ಲವಲ್ಲ. ಎಲ್ಲ ಸರಿಯಿದೆ ಅಂತ ಮಲಗಿದೆ. ಬೆಳಗ್ಗೆ ನೋಡಿದರೆ ಬಾಗಿಲು ಬಂದ್.

ಪುಣ್ಯಕ್ಕೆ ಮನೆ ಒಳಗಿನಿಂದ ಎಲ್ಲ ನೆಟ್ಟಗಿತ್ತು. ತಂಗಿಗೆ ಫೋನ್ ಮಾಡಿ, ಅವಳ ಮೊಬೈಲ್‌ಗೆ ಒಂದು ಎಸ್‌ಎಸ್‌ಎಚ್ ಆ್ಯಪ್ ಹಾಕಿಸಿ, ಏಳು ಸಾಲು ಒಂದೊಂದಾಗಿ ಹೇಳಿ ಟೈಪ್ ಮಾಡಿಸಿದೆ. ಪ್ರತಿ ಸಾಲಿನ ಮೊದಲ ಅಕ್ಷರವನ್ನು ಮೊಬೈಲ್ ತಾನಾಗೇ ದೊಡ್ಡಕ್ಷರ ಮಾಡುತ್ತಿತ್ತು, ರೂಟರ್ 'ನಾಟ್ ಫೌಂಡ್' ಅನ್ನುತ್ತಿತ್ತು. "ಅಣ್ಣಾ, ಇದೇನು ಮಂತ್ರನಾ, ಒಂದಕ್ಷರ ತಪ್ಪಿದ್ರೂ ಫಲ ಇಲ್ವಾ?" ಅಂದಳು. ಇಲ್ಲ ಮಾರಾಯ್ತಿ.

ಇಲ್ಲಿ ನನ್ನ ದೊಡ್ಡ ದೂರು ಬರುತ್ತದೆ. ಓಪನ್‌ವರ್ಟ್‌ನ ವೆಬ್ ಪೇಜ್ ಲೂಸಿಯಲ್ಲಿ ಅಪ್ಲೈ ಒತ್ತಿದ ಮೇಲೆ 90 ಸೆಕೆಂಡ್ ಒಳಗೆ ಪೇಜ್ ಮತ್ತೆ ರೂಟರ್ ಅನ್ನು ಮುಟ್ಟದಿದ್ದರೆ ಹಳೆಯದೇ ವಾಪಸ್ ಬರುತ್ತದೆ. ಕಮಾಂಡ್ ಲೈನ್‌ನಲ್ಲಿ 'ಯುಸಿಐ ಕಮಿಟ್'ಗೆ ಆ ಭಾಗ್ಯ ಇಲ್ಲ. ಜೂನಿಪರ್ ಬ್ರ್ಯಾಂಡ್‌ನ ರೂಟರ್‌ಗಳಲ್ಲಿ 'ಕಮಿಟ್ ಕನ್ಫರ್ಮ್ಡ್' ಅಂತ ಇದೆ, ಹತ್ತು ನಿಮಿಷದಲ್ಲಿ ನೀವು ಸರಿ ಅನ್ನದಿದ್ದರೆ ಅದೇ ಹಿಂದಕ್ಕೆ ಹೋಗುತ್ತದೆ. ಅದನ್ನು ನೋಡಿ ಹೊಟ್ಟೆಕಿಚ್ಚು ಪಡುವುದೇ ಆಗಿದೆ. ಈಗ ನಾನು ಮಾಡುವುದು ಇಷ್ಟು: ಕಾನ್ಫಿಗ್ ಫೋಲ್ಡರ್ ಅನ್ನು ಮೊದಲು ಕಾಪಿ ಇಟ್ಟು, ಹದಿನೈದು ನಿಮಿಷಕ್ಕೆ ಆ ಕಾಪಿ ವಾಪಸ್ ಹಾಕಿ ರೀಬೂಟ್ ಆಗುವ ಹಾಗೆ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಸರ್ವಿಸ್) ಒಂದು ಸಾಲು ಬರೆದು, ಆಮೇಲೆ ಕೈ ಹಾಕುವುದು. ಕ್ರಾನ್ ಸರ್ವಿಸ್ ರೀಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಆ ಸಾಲು ಸುಮ್ನೆ ಬಿದ್ದಿರುತ್ತದೆ. ಮುಖ್ಯವಾಗಿ, ಕನೆಕ್ಷನ್ ಪೂರ್ತಿ ಕಡಿದು ಹೊಸದಾಗಿ ಒಳಗೆ ಬಂದ ಮೇಲೇ ಆ ಕ್ರಾನ್ ಸಾಲನ್ನು ಅಳಿಸುವುದು.

ಬ್ಯಾಕಪ್ ವಿಷಯದಲ್ಲಿ ದೂರಿಲ್ಲ. 'ಸಿಸ್‌ಅಪ್‌ಗ್ರೇಡ್ ಮೈನಸ್ ಬಿ' ಅಂದರೆ ಎಲ್ಲ ಸೇರಿ ಒಂದು ಚಿಕ್ಕ ಗಂಟು. ಅದನ್ನು ಟೆಂಪ್ ಫೋಲ್ಡರ್‌ನಲ್ಲೇ ಬಿಡಬೇಡಿ, ಅದು ರ‍್ಯಾಮ್, ಕರೆಂಟ್ ಹೋದರೆ ಬ್ಯಾಕಪ್ಪೂ ಹೋಯಿತು. ಲ್ಯಾಪ್‌ಟಾಪ್‌ಗೆ ಎಸ್‌ಸಿಪಿ (ಎಸ್‌ಎಸ್‌ಎಚ್ ಮೇಲೆ ಫೈಲ್ ಕಾಪಿ) ಮಾಡುವಾಗ ಎಸ್‌ಎಫ್‌ಟಿಪಿ ಸರ್ವರ್ ಇಲ್ಲ ಅಂತ ಬೈದರೆ ಮೈನಸ್ ದೊಡ್ಡ ಓ ಹಾಕಿ, ಹೊಸ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅದು ಬೇಕು. ಆ ಗಂಟಿನಲ್ಲಿ ನಿಮ್ಮ ವೈಫೈ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಕೂತಿರುತ್ತದೆ, ಗಿಟ್‌ಹಬ್‌ಗೆ ಏರಿಸುವ ಉತ್ಸಾಹ ಬೇಡ.

ಇನ್ನೊಂದು ಸಣ್ಣ ಕಿರಿಕಿರಿ. ಕಾನ್ಫಿಗ್ ಫೈಲನ್ನು ವಿಐ ಎಡಿಟರ್‌ನಲ್ಲಿ ತೆರೆದು ಮುದ್ದಾಗಿ ಕಾಮೆಂಟ್ ಬರೆದಿಟ್ಟಿದ್ದೆ. ಮುಂದಿನ 'ಕಮಿಟ್'ಗೆ ಯುಸಿಐ ಫೈಲನ್ನು ತಾನೇ ಹೊಸದಾಗಿ ಬರೆದು, ಎಲ್ಲ ಕಾಮೆಂಟ್ ಒರೆಸಿ ಹಾಕಿತು.

ಕಮಾಂಡ್ ಲೈನ್ ರೂಢಿ ಇದ್ದವರಿಗೆ ಐದಕ್ಕೆ ನಾಲ್ಕು. ಕೇವಲ ಮನೆಗೆ ನೆಟ್ ಬಂದರೆ ಸಾಕು ಅನ್ನುವವರು ಲೂಸಿಯಲ್ಲೇ ಇರಿ. ಕೈ ಹಾಕುವವರು ಮಾತ್ರ ರೂಲ್ ಸೇರಿಸುವಾಗಲೇ 'ಯುಸಿಐ ಸೆಟ್'ನಲ್ಲಿ ಹೆಸರು ಕೊಟ್ಟುಬಿಡಿ, ಆಗ ನಂಬರ್ ಜಾರುವ ತಲೆನೋವೇ ಇಲ್ಲ. ತಂಗಿ ಟೈಪ್ ಮಾಡಿದ ಏಳು ಸಾಲಿನಲ್ಲಿ ಮೊದಲನೆಯದೇ ಅದು. ಏನು ಹೆಸರು ಇಡಲಿ ಅಂತ ಕೇಳಿದಳು. ಈಗಲೂ ನಮ್ಮ ಫೈರ್‌ವಾಲ್ ಫೈಲಿನಲ್ಲಿ ಆ ರೂಲ್‌ನ ಹೆಸರು 'ಮುಟ್ಟಬೇಡ' ಅಂತಲೇ ಇದೆ, ಇಂಗ್ಲಿಷ್ ಅಕ್ಷರಗಳಲ್ಲಿ.