35 ಇಂಚಿನ ಟೈರಿಗೆ 4.56 ಗೇರಾ, 4.88 ಗೇರಾ?

ನಿಮ್ಮ ಜೀಪ್ ರ‍್ಯಾಂಗ್ಲರ್ ಜೆಕೆ ರೂಬಿಕಾನ್ ಕಂಪನಿಯಿಂದ ಬಂದಾಗ ಟೈರು 32 ಇಂಚು, ಆಕ್ಸಲ್ ಗೇರು (ಚಕ್ರ ಒಂದು ಸುತ್ತು ಹಾಕಲು ಡ್ರೈವ್ ಶಾಫ್ಟ್ ಹಾಕುವ ಸುತ್ತು) ಸಾಮಾನ್ಯವಾಗಿ 4.10. ಟೈರು ದೊಡ್ಡದಾದರೆ ಎಳೆತ ಕುಗ್ಗುತ್ತದೆ, ಅದನ್ನು ಸರಿದೂಗಿಸಲು ಗೇರಿನ ಅಂಕಿ ಏರಿಸಬೇಕು. 4.10 ಅನ್ನು 35ರಿಂದ ಗುಣಿಸಿ 32ರಿಂದ ಭಾಗಿಸಿ. ಸುಮಾರು 4.48 ಬರುತ್ತದೆ. ಅಂದರೆ ಅದಕ್ಕೆ ಹತ್ತಿರದ 4.56 ಹಾಕಿದರೆ ಹಳೆಯ ಎಳೆತ ವಾಪಸ್, ಹೆದ್ದಾರಿಯಲ್ಲೂ ಆರಾಮ.

ವಿಂಚು (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ಯಂತ್ರ), ಕಬ್ಬಿಣದ ಬಂಪರು ಹೇರಿಕೊಂಡು ಕಲ್ಲುಗುಡ್ಡ ಹತ್ತುತ್ತೀರಾ? ಮುಂದೆ 37 ಇಂಚಿನ ಆಸೆ ಇದೆಯಾ? (ಇದ್ದೇ ಇರುತ್ತೆ ಬಿಡಿ.) ಆಗ 4.88. ಅದೇ ವೇಗಕ್ಕೆ ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಶೇ. 7ರಷ್ಟು ಜಾಸ್ತಿ, ಆಕ್ಸಲ್‌ನ ದೊಡ್ಡ ಗೇರನ್ನು ತಿರುಗಿಸುವ ಪಿನಿಯನ್ ಎಂಬ ಹಲ್ಲುಚಕ್ರವೂ ತುಸು ಚಿಕ್ಕದು.

ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಯಾವುದೇ ಆದರೂ ಮುಂದಿನ, ಹಿಂದಿನ ಆಕ್ಸಲ್ ಎರಡೂ ಬಿಚ್ಚಲೇಬೇಕು, ಕೂಲಿಯೇ ಭಾರ. ಊರೊಳಗಷ್ಟೇ ಓಡಾಟ ಅಂದರೆ 4.10 ಹಾಗೇ ಇರಲಿ. ಏರಿನಲ್ಲಿ ಮಾತ್ರ ಏದುಸಿರು ಬಿಡುತ್ತದೆ.